ಯಕೃತ್ತಿನ ಓದು

ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಬ್ಯಾಬಿಲೋನಿಯಾದಲ್ಲಿ ದೊರೆ ದಂಡಯಾತ್ರೆಗೆ ಹೊರಡಬೇಕಾದರೆ ಮೊದಲು ಒಂದು ಕುರಿ ಸಾಯಬೇಕಾಗಿತ್ತು. ಪುರೋಹಿತ ಅದರ ಹೊಟ್ಟೆ ಬಗೆದು ಯಕೃತ್ತನ್ನು ಕೈಗೆತ್ತಿಕೊಂಡು, ಅದರ ಮೇಲಿನ ಗೆರೆ, ಕುಳಿ, ಗಂಟುಗಳನ್ನು ನೋಡಿ ಗೆಲುವೋ ಸೋಲೋ ಹೇಳುತ್ತಿದ್ದ. ಆ ವಿದ್ಯೆಗಾಗಿ ಜೇಡಿಮಣ್ಣಿನಲ್ಲಿ ಮಾಡಿ, ಚೌಕ ಚೌಕವಾಗಿ ಗೆರೆ ಎಳೆದು ಬರೆದ ಯಕೃತ್ತಿನ ಮಾದರಿಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇಟಲಿಯ ಪಿಯಾಚೆಂಜಾದ ಬಳಿ 1877ರಲ್ಲಿ ಹೊಲ ಉಳುವಾಗ ಸಿಕ್ಕಿದ ಕಂಚಿನ ಯಕೃತ್ತಿನ ಮೇಲೆ ದೇವತೆಗಳ ಹೆಸರುಗಳಿವೆ. ಪ್ರಾಣಿಯ ಒಡಲೊಳಗೆ ಮನುಷ್ಯನ ನಾಳೆ ಬರೆದಿರುತ್ತದೆ ಎಂದು ಆ ಜನ ನಂಬಿದ್ದರು.

ಇವತ್ತು ವೇಲ್ಸ್‌ನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ಯಕೃತ್ತನ್ನು ಇನ್ನೊಂದು ಬಗೆಯಲ್ಲಿ ಓದುತ್ತಾರೆ. ಅದು ನೀರುನಾಯಿಯದು. ಓದುವುದಕ್ಕಾಗಿ ಅದನ್ನು ಯಾರೂ ಕೊಂದದ್ದಲ್ಲ. ಎಲ್ಲೋ ಒಂದು ಸೇತುವೆಯ ಹತ್ತಿರ ರಾತ್ರಿ ಯಾವುದೋ ಕಾರಿಗೆ ಸಿಕ್ಕಿ ಸತ್ತದ್ದು. ಬೆಳಿಗ್ಗೆ ಆ ದಾರಿಯಲ್ಲಿ ಹೋದವರು ನೋಡಿ ಫೋನ್ ಮಾಡಿದ್ದಾರೆ, ದೇಹ ಶೀತಪೆಟ್ಟಿಗೆ ಸೇರಿ ಕಾರ್ಡಿಫ್ ತಲುಪಿದೆ. 1990ರ ದಶಕದಿಂದ ಹೀಗೆ ಸಾವಿರಾರು ನೀರುನಾಯಿಗಳು ಅಲ್ಲಿಗೆ ಬಂದಿವೆ. ಹೆಚ್ಚಿನವು ರಸ್ತೆಯಲ್ಲಿ ಸತ್ತವು. ಪ್ರತಿಯೊಂದನ್ನೂ ತೂಗಿ, ಅಳೆದು, ಗಂಡೋ ಹೆಣ್ಣೋ, ಮರಿ ಹಾಕಿತ್ತೋ ಇಲ್ಲವೋ ನೋಡಿ, ಹಳೆಯ ಗಾಯಗಳನ್ನು ಗುರುತು ಹಾಕಿಕೊಂಡು, ಅಂಗಾಂಗಗಳ ತುಣುಕುಗಳನ್ನು ತೆಗೆದಿಡುತ್ತಾರೆ. ಪುರೋಹಿತ ಎತ್ತಿಕೊಂಡ ಅಂಗವೇ ಇಲ್ಲಿಯೂ ಮುಖ್ಯ. ವಿಷ ಹೆಚ್ಚಾಗಿ ತಂಗುವುದು ಯಕೃತ್ತಿನಲ್ಲಿ.

ಪ್ರಾಣಿಯಿಂದ ನಮ್ಮ ಭವಿಷ್ಯ ತಿಳಿಯುವ ಚಪಲ ನಮಗೂ ಹೊಸದಲ್ಲ. ಬೆಕ್ಕು ಅಡ್ಡ ಬಂದರೆ ಗಾಡಿ ನಿಲ್ಲಿಸುತ್ತೇವೆ. ಗೂಬೆ ಕೂಗಿದರೆ ಮನೆಯಲ್ಲಿ ಕೇಡು ಅನ್ನುತ್ತೇವೆ. ಅದೃಷ್ಟ ಖುಲಾಯಿಸಿದವನನ್ನು ನೋಡಿ ‘ನರಿ ಮುಖ ನೋಡಿ ಎದ್ದಿರಬೇಕು’ ಅನ್ನುತ್ತೇವೆ. ಯಾರಿಗೂ ಕೇಡು ಬಗೆಯದ ಕಾಡುಪಾಪವನ್ನು ಮಾಟಕ್ಕಾಗಿ ಹಿಡಿದು ಹಿಂಸಿಸುವವರು ಈಗಲೂ ಇದ್ದಾರೆ. ಇಷ್ಟೆಲ್ಲ ಶಕುನ ಕೇಳುವ ನಾವು ಅದೇ ನರಿ, ಅದೇ ಗೂಬೆ, ಅದೇ ಕಾಡುಪಾಪ ಹೆದ್ದಾರಿಯ ಮೇಲೆ ಚಪ್ಪಟೆಯಾಗಿ ಬಿದ್ದಾಗ ಏನನ್ನೂ ಕೇಳುವುದಿಲ್ಲ. ಸ್ಟೀರಿಂಗ್ ಸ್ವಲ್ಪ ತಿರುಗಿಸಿ ಮುಂದೆ ಹೋಗುತ್ತೇವೆ. ಹೆಚ್ಚೆಂದರೆ ‘ಪಾಪ, ಅದರ ಆಯಸ್ಸು ಅಷ್ಟೇ ಇತ್ತು’ ಎಂಬ ಒಂದು ಮಾತು. ಆ ಮಾತಿನಲ್ಲಿ ಮರುಕವೇನೋ ಇದೆ. ಆದರೆ ಗಾಡಿಯ ವೇಗ, ರಸ್ತೆಯ ತಿರುವು, ಕಾಡಿನ ನಡುವೆ ಅದನ್ನು ಎಳೆದ ನಿರ್ಧಾರ ಇವೆಲ್ಲವನ್ನೂ ಅದು ವಿಧಿಯ ಲೆಕ್ಕಕ್ಕೆ ಜಮಾ ಮಾಡಿಬಿಡುತ್ತದೆ. ಕಾರಣ ಹುಡುಕದ ಮರುಕ ನಮ್ಮ ಮನಸ್ಸನ್ನು ಹಗುರ ಮಾಡುತ್ತದೆಯೇ ಹೊರತು ನಾಳೆ ಅದೇ ತಿರುವಿನಲ್ಲಿ ಸಾಯಲಿರುವ ಇನ್ನೊಂದು ಪ್ರಾಣಿಗೆ ಅದರಿಂದ ಏನೂ ಸಿಗುವುದಿಲ್ಲ.

ಸತ್ತ ನೀರುನಾಯಿಯನ್ನು ಕೊಯ್ದು ಕಾರ್ಡಿಫ್‌ನವರು ಏನು ಕಂಡರು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬ್ರಿಟನ್ನಿನಲ್ಲಿ 1950ರ ದಶಕದ ಕೊನೆಯಿಂದ ನೀರುನಾಯಿಗಳು ಕಾಣೆಯಾಗತೊಡಗಿದ್ದವು. ಬಿತ್ತನೆ ಬೀಜಕ್ಕೆ ಲೇಪಿಸುತ್ತಿದ್ದ, ಕುರಿಗಳನ್ನು ಅದ್ದಿ ತೆಗೆಯಲು ಬಳಸುತ್ತಿದ್ದ ಡೀಲ್ಡ್ರಿನ್‌ನಂಥ ಕೀಟನಾಶಕಗಳು ಹೊಳೆ ಸೇರಿ, ಮೀನಿನ ಕೊಬ್ಬಿನಲ್ಲಿ ಕೂಡಿಕೊಂಡು, ಮೀನು ತಿನ್ನುವ ಪ್ರಾಣಿಯಲ್ಲಿ ಇನ್ನಷ್ಟು ಗಟ್ಟಿಯಾದವು. 1977–79ರ ಸಮೀಕ್ಷೆಯಲ್ಲಿ ಇಂಗ್ಲೆಂಡಿನಲ್ಲಿ ಹುಡುಕಿದ ಜಾಗಗಳ ಪೈಕಿ ನೂರಕ್ಕೆ ಸುಮಾರು ಆರರಲ್ಲಿ ಮಾತ್ರ ನೀರುನಾಯಿಯ ಸುಳಿವು ಸಿಕ್ಕಿತು. ಆ ವಿಷಗಳನ್ನು ಹಂತ ಹಂತವಾಗಿ ನಿಷೇಧಿಸಿದ ಮೇಲೆ ಅವು ಮೆಲ್ಲಗೆ ಮರಳಿದವು. 2011ರಲ್ಲಿ ಇಂಗ್ಲೆಂಡಿನ ಎಲ್ಲ ಕೌಂಟಿಗಳಲ್ಲೂ ನೀರುನಾಯಿ ಇದೆ ಎಂದು ಅಲ್ಲಿನ ಪರಿಸರ ಇಲಾಖೆ ಸಾರಿತು. ನಿಷೇಧ ಫಲ ಕೊಡುತ್ತಿದೆಯೇ ಇಲ್ಲವೇ ಎಂಬುದಕ್ಕೆ ರಸ್ತೆಯಲ್ಲಿ ಸತ್ತವುಗಳ ಯಕೃತ್ತು ದಶಕಗಳ ಕಾಲ ಉತ್ತರ ಕೊಟ್ಟಿತು. ಬದುಕಿರುವ ನೀರುನಾಯಿ ಕಣ್ಣಿಗೆ ಬೀಳುವುದೇ ಅಪರೂಪ. ಅದನ್ನು ಬೋನಿಗೆ ಹಾಕಿ, ಮತ್ತು ಬರಿಸಿ, ಸೂಜಿ ಚುಚ್ಚಿ ಯಕೃತ್ತಿನ ಚೂರು ತೆಗೆಯುವುದು ಕಷ್ಟ, ಹಿಂಸೆಯೂ ಹೌದು. ಅದಾಗಲೇ ಸತ್ತು ಬಿದ್ದ ಪ್ರಾಣಿಯಿಂದ ಕಲಿಯುವಾಗ ಹೊಸ ನೋವೊಂದನ್ನು ಸೇರಿಸಬೇಕಾಗಿಲ್ಲ.

ಹಳೆಯ ವಿಷ ಇಳಿದದ್ದನ್ನು ತೋರಿಸಿದ ಯಕೃತ್ತೇ ಹೊಸದು ಬಂದದ್ದನ್ನೂ ತೋರಿಸಿತು. ಅಂಟದ ತವಾ, ನೆನೆಯದ ಜಾಕೆಟ್, ಬೆಂಕಿ ಆರಿಸುವ ನೊರೆ ಇವುಗಳಲ್ಲೆಲ್ಲ ಬಳಕೆಯಾದ, ಇಂಗಾಲ ಮತ್ತು ಫ್ಲೋರಿನ್ ಬೆಸೆದ ರಾಸಾಯನಿಕಗಳ ಗುಂಪಿಗೆ ಪಿಎಫ್‌ಎಎಸ್ ಎನ್ನುತ್ತಾರೆ. ಆ ಬೆಸುಗೆ ಬಿಸಿಲಿಗೂ ನೀರಿಗೂ ಸೂಕ್ಷ್ಮಜೀವಿಗಳಿಗೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. 2007ರಿಂದ 2009ರ ನಡುವೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸತ್ತು ಸಿಕ್ಕಿದ 50 ನೀರುನಾಯಿಗಳ ಯಕೃತ್ತನ್ನು ಬಹು ವರ್ಷಗಳ ನಂತರ ಪರೀಕ್ಷಿಸಿದಾಗ ಐವತ್ತರಲ್ಲೂ ಈ ರಾಸಾಯನಿಕಗಳಿದ್ದವು. ಕಾರ್ಖಾನೆಯೊಂದರ ಸುತ್ತಮುತ್ತ, ಚರಂಡಿ ನೀರು ಶುದ್ಧೀಕರಿಸುವ ಘಟಕಗಳ ಕೆಳಹರಿವಿನಲ್ಲಿ, ಉಳುಮೆಯ ಹೊಲಗಳಿರುವ ಕಡೆ ಪ್ರಮಾಣದ ಹೆಚ್ಚಳ ಕಂಡುಬಂತು. ಚರಂಡಿಯ ಕೆಸರನ್ನು ಗೊಬ್ಬರವೆಂದು ಹೊಲಕ್ಕೆ ಹಾಕುವುದು ಅಲ್ಲಿ ರೂಢಿ. ಆ ದಾರಿಯಾಗಿ ಇವು ಮತ್ತೆ ಹೊಳೆಗೆ ಇಳಿಯುತ್ತವೆ ಎಂಬ ಅನುಮಾನ ಅದರಿಂದ ಗಟ್ಟಿಯಾಯಿತು. ನೀರುನಾಯಿ ತವಾ ಕೊಂಡದ್ದಿಲ್ಲ. ಅದು ಬದುಕುವ ನೀರಿನ ಆಸುಪಾಸಿನಲ್ಲಿ ಮನುಷ್ಯರೂ ಬದುಕುತ್ತಾರೆ, ಅದೇ ನೀರನ್ನು ಸೋಸಿ ಕುಡಿಯುತ್ತಾರೆ.

ಇನ್ನೊಂದು ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು ನಲವತ್ತು ನೀರುನಾಯಿಗಳಿಗೆ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಸೋಂಕಿದ್ದುದು ಗೊತ್ತಾಯಿತು. ಅದು ತನ್ನ ಜೀವನಚಕ್ರ ಮುಗಿಸುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ. ಮನೆಬೆಕ್ಕಿನ ಮಲ ಮಳೆನೀರಿನಲ್ಲಿ ತೊಳೆದು ಹೊಳೆಗೆ ಹೋದರೆ ಹೀಗಾಗಬಹುದು. ಬಸುರಿ ಹೆಂಗಸರಿಗೆ ವೈದ್ಯರು ಎಚ್ಚರ ಹೇಳುವ ಸೋಂಕೂ ಇದೇ. ಬ್ರಿಟನ್ನಿನ ನೀರುನಾಯಿಗಳಲ್ಲಿ ಹಿಂದೆ ಕಂಡಿರದ ಪಿತ್ತಕೋಶದ ಹುಳುವೊಂದು ಬಂದು ಸೇರಿದ್ದೂ ಹೀಗೆ ಕೊಯ್ದು ನೋಡಿದಾಗಲೇ ತಿಳಿದದ್ದು.

ಗೂಬೆಯ ಮಾತಿಗೆ ಬರೋಣ. ಬ್ರಿಟನ್ನಿನಲ್ಲಿ 1960ರ ದಶಕದಿಂದ ಸತ್ತ ಬೇಟೆಹಕ್ಕಿಗಳನ್ನು ಒಟ್ಟುಗೂಡಿಸಿ ಪರೀಕ್ಷಿಸುವ ವ್ಯವಸ್ಥೆಯಿದೆ. ಅದಕ್ಕೆ ಬಂದ ಕಣಜ ಗೂಬೆಗಳಲ್ಲಿ, ಇತ್ತೀಚಿನ ವರ್ಷಗಳ ವರದಿಗಳಂತೆ, ಹೆಚ್ಚುಕಡಿಮೆ ಹತ್ತರಲ್ಲಿ ಎಂಟರ ಯಕೃತ್ತಿನಲ್ಲಿ ಇಲಿಪಾಷಾಣ ಸಿಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವ ಬಗೆಯ ಪಾಷಾಣ ಅದು. ಅದನ್ನು ತಿಂದ ಇಲಿ ಕೆಲವು ದಿನ ಬದುಕಿರುತ್ತದೆ, ಆ ದಿನಗಳಲ್ಲಿ ಗೂಬೆಗೆ ಆಹಾರವಾಗುತ್ತದೆ. ರೈತನ ಕಣಜ ಕಾಯುವ ಹಕ್ಕಿಯ ದೇಹಕ್ಕೆ ಆ ಕಣಜದ ಮೂಲೆಯಲ್ಲಿ ಇಟ್ಟ ವಿಷವೇ ಇಳಿಯುತ್ತದೆ. ಗೂಬೆ ಮನುಷ್ಯನಿಗೆ ತಂದ ಕೇಡನ್ನು ತೋರಿಸಿದವರು ಯಾರೂ ಇಲ್ಲ. ಮನುಷ್ಯ ಗೂಬೆಗೆ ತಂದ ಕೇಡು ಪ್ರಯೋಗಾಲಯದ ವರದಿಯಲ್ಲಿ ದಾಖಲಾಗಿದೆ.

ಹಾಗಾದರೆ ಪುರೋಹಿತನಿಗೂ ವಿಜ್ಞಾನಿಗೂ ಏನು ವ್ಯತ್ಯಾಸ? ಇಬ್ಬರೂ ಪ್ರಾಣಿಯ ಒಡಲು ಬಗೆದು ಮನುಷ್ಯರ ಬಗ್ಗೆಯೇ ಹೇಳುತ್ತಿದ್ದಾರಲ್ಲ? ಉಪಕರಣ ಬೇರೆ ಎಂಬುದು ಸಣ್ಣ ವ್ಯತ್ಯಾಸ. ದೊಡ್ಡದು ಬೇರೆಯೇ ಇದೆ. ದೊರೆ ಸೋತು ಬಂದರೂ ಪುರೋಹಿತನ ವಿದ್ಯೆಗೆ ಸೋಲಿರಲಿಲ್ಲ. ಯಾವುದೋ ದೇವತೆ ಮುನಿದಳು ಎಂದರೆ ಮುಗಿಯಿತು. ರಸ್ತೆಯಲ್ಲಿ ಸತ್ತ ಪ್ರಾಣಿಯನ್ನು ನಂಬಿ ಮಾತಾಡುವ ವಿಜ್ಞಾನಿ ತನ್ನ ಸಾಕ್ಷಿ ಎಲ್ಲಿ ತನ್ನನ್ನು ದಾರಿ ತಪ್ಪಿಸಬಹುದು ಎಂಬುದನ್ನು ತಾನೇ ಮೊದಲು ಹುಡುಕಬೇಕಾಗುತ್ತದೆ. ರಸ್ತೆಗೆ ಬಲಿಯಾಗುವವು ಕಾಡಿನ ಎಲ್ಲ ಪ್ರಾಣಿಗಳ ಪ್ರತಿನಿಧಿಗಳಲ್ಲ. ತಾಯಿಯನ್ನು ಬಿಟ್ಟು ಹೊಸ ನೆಲೆ ಹುಡುಕುವ ಎಳೆಯ ಗಂಡುಗಳು ಹೆಚ್ಚು ಅಲೆಯುತ್ತವೆ, ಹೆಚ್ಚು ಸಾಯುತ್ತವೆ. ಜನ ಓಡಾಡದ ರಸ್ತೆಯಲ್ಲಿ ಸತ್ತದ್ದು ಯಾರ ಕಣ್ಣಿಗೂ ಬೀಳದೆ ಹದ್ದು ಕಾಗೆಗಳ ಪಾಲಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕೂ ಇದೆ. ಅಮೆರಿಕದ ಕೊಲರಾಡೊದಲ್ಲಿ ಜಿಂಕೆ ಜಾತಿಯವುಗಳಿಗೆ ಮಿದುಳು ಸವೆಸುವ, ಕ್ಷಯಿಸುತ್ತಾ ಕೊಲ್ಲುವ ಒಂದು ರೋಗವಿದೆ. ಅಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಮ್ಯೂಲ್ ಜಿಂಕೆಗಳನ್ನು ಅದೇ ಸುತ್ತಮುತ್ತಲಿನ ಉಳಿದ ಜಿಂಕೆಗಳೊಂದಿಗೆ ಹೋಲಿಸಿದಾಗ ಸತ್ತವುಗಳಲ್ಲಿ ರೋಗ ಹೆಚ್ಚಿತ್ತು. ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ರೋಗ ತಗುಲಿದ ಜಿಂಕೆ ಮಂಕಾಗುತ್ತದೆ, ಬೆಳಕು ಮೈಮೇಲೆ ಬಂದರೂ ತಟ್ಟನೆ ಜಿಗಿಯಲಾರದು ಎಂದು ಅದಕ್ಕೆ ಅರ್ಥ ಹೇಳಬಹುದು. ಹಾಗಿದ್ದರೆ ರಸ್ತೆಯ ಲೆಕ್ಕವನ್ನೇ ಕಾಡಿನ ಲೆಕ್ಕವೆಂದು ಹಿಡಿದರೆ ರೋಗವನ್ನು ಇರುವುದಕ್ಕಿಂತ ಹೆಚ್ಚು ಎಣಿಸಿದಂತಾಗುತ್ತದೆ. ನೆಬ್ರಾಸ್ಕಾದಲ್ಲಿ ಚಾರ್ಲ್ಸ್ ಬ್ರೌನ್ ಮತ್ತು ಮೇರಿ ಬ್ರೌನ್ ಎಂಬ ಇಬ್ಬರು ಮೂವತ್ತು ವರ್ಷ ಕವಲುತೋಕೆ ಹಕ್ಕಿಗಳನ್ನು ಅಭ್ಯಾಸ ಮಾಡುತ್ತಾ, ದಾರಿಯಲ್ಲಿ ಸತ್ತು ಬಿದ್ದವುಗಳನ್ನೂ ಬಿಡದೆ ಎತ್ತಿಟ್ಟರು. ಅವು ಸೇತುವೆಗಳ ಅಡಿಯಲ್ಲಿ ಗೂಡು ಕಟ್ಟುವ ಹಕ್ಕಿಗಳು. 2013ರಲ್ಲಿ ಅವರು ಪ್ರಕಟಿಸಿದ್ದು ಇದು: ಹಕ್ಕಿಗಳ ಸಂಖ್ಯೆ ಏರಿದರೂ ವಾಹನಕ್ಕೆ ಸಿಕ್ಕಿ ಸಾಯುವವು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು, ಮತ್ತು ಸತ್ತವುಗಳ ರೆಕ್ಕೆ ಬದುಕಿದ್ದವುಗಳ ರೆಕ್ಕೆಗಿಂತ ಉದ್ದವಾಗಿತ್ತು. ಗಿಡ್ಡ ರೆಕ್ಕೆಯ ಹಕ್ಕಿ ರಸ್ತೆಯಿಂದ ನೆಟ್ಟಗೆ ಮೇಲೇಳಬಲ್ಲದು. ಹಾಗೆ ರಸ್ತೆಯೇ ಹಕ್ಕಿಯ ಮೈಕಟ್ಟನ್ನು ಆರಿಸುತ್ತಿರಬಹುದು ಎಂಬುದು ಅವರ ವಿವರಣೆ. ಬೇರೆ ಕಾರಣಗಳೂ ಇರಬಹುದೆಂದು ಅವರೇ ಹೇಳಿದರು. ತನ್ನ ಮಾತಿಗೆ ತಾನೇ ಎಲ್ಲೆ ಹಾಕಿಕೊಳ್ಳುವ ಈ ಗುಣವನ್ನು ನಾನು ಬರೀ ವಿಧಾನದ ಶಿಸ್ತು ಎಂದುಕೊಂಡಿಲ್ಲ. ಮಾತಾಡಲಾರದ ಜೀವದ ಪರವಾಗಿ ಮಾತಾಡುವವನಿಗೆ ಇರಬೇಕಾದ ಪ್ರಾಮಾಣಿಕತೆ ಅದು. ಸತ್ತದ್ದು ಎದ್ದು ಬಂದು ‘ನಾನು ಹಾಗೆ ಹೇಳಲಿಲ್ಲ’ ಎನ್ನುವುದಿಲ್ಲವಾದ್ದರಿಂದ ಅದು ಹೇಳದ್ದನ್ನು ಹೇಳಿಸದಿರುವ ಹೊಣೆ ಓದುವವನದು.

ಈಗ ನನ್ನನ್ನು ಬಹಳ ಕಾಡುವ ಆಕ್ಷೇಪ. ಕೊಂದವರು ನಾವು, ಕೊಂದದ್ದರಿಂದ ಕಲಿಯುವವರೂ ನಾವು. ಸಾವಿಗೊಂದು ಉಪಯೋಗ ಸಿಕ್ಕಿಬಿಟ್ಟರೆ ಸಾವಿನ ಬಗ್ಗೆ ನಮಗಿದ್ದ ಅಲ್ಪಸ್ವಲ್ಪ ಕಸಿವಿಸಿಯೂ ಹೋಗುವುದಿಲ್ಲವೇ? ಮನುಷ್ಯ ತನ್ನ ದೇಹವನ್ನು ವೈದ್ಯಕೀಯ ಕಾಲೇಜಿಗೆ ದಾನ ಮಾಡುವಾಗ ಬದುಕಿದ್ದಾಗಲೇ ಒಪ್ಪಿ ಸಹಿ ಹಾಕಿರುತ್ತಾನೆ. ಪುನುಗುಬೆಕ್ಕಿನ ಒಪ್ಪಿಗೆ ಕೇಳಿದವರಾರು? ಈ ಆಕ್ಷೇಪವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದು ನಿಜವಾದ ಅಪಾಯ. ಆದರೆ ಅದಕ್ಕೆ ಉತ್ತರ ದೇಹವನ್ನು ಚರಂಡಿಗೆ ತಳ್ಳುವುದರಲ್ಲಿ ಇಲ್ಲ. ಆಗ ಒಂದು ಅನ್ಯಾಯದ ಮೇಲೆ ಇನ್ನೊಂದಾಗುತ್ತದೆ: ಜೀವವೂ ಹೋಯಿತು, ಅದು ಸಾಯುವ ಮೊದಲು ಹೇಗೆ ಬದುಕಿತ್ತು ಎಂದು ಕೇಳುವವರೂ ಇಲ್ಲವಾದರು. ಒಪ್ಪಿಗೆಯಿಲ್ಲದೆ ಪಡೆದದ್ದರಿಂದ ಋಣ ಹೆಚ್ಚುತ್ತದೆ, ಮತ್ತು ಆ ಋಣ ತೀರಿಸುವುದಕ್ಕೆ ಸಂಶೋಧನಾ ಪ್ರಬಂಧವೊಂದೇ ಸಾಲದು. ತಿಳಿದದ್ದು ಆ ಪ್ರಾಣಿಯ ಕುಲಕ್ಕೆ ಮರಳಿ ಸಲ್ಲಬೇಕು. ನೀರುನಾಯಿ ಏಕೆ ಸೇತುವೆಯ ಹತ್ತಿರವೇ ಸಾಯುತ್ತದೆ ಎಂದು ಹುಡುಕಿದಾಗ ಕಾರಣ ಸಿಕ್ಕಿತು. ಹೊಳೆ ತುಂಬಿ ಹರಿಯುವಾಗ ಇಕ್ಕಟ್ಟಾದ ಸೇತುವೆಯ ಅಡಿಯಲ್ಲಿ ಸೆಳವಿಗೆದುರಾಗಿ ಈಜಲು ಅದು ಒಲ್ಲದು. ದಡ ಹತ್ತಿ ರಸ್ತೆ ದಾಟುತ್ತದೆ. ಅದಕ್ಕಾಗಿ ಸೇತುವೆಯ ಒಳಗೋಡೆಗೆ, ನೆರೆಯ ಮಟ್ಟಕ್ಕಿಂತ ಮೇಲೆ, ಕಾಲಿಡುವಷ್ಟು ಅಗಲದ ಕಟ್ಟೆ ಕಟ್ಟಿ, ಮೇಲೆ ಬರದಂತೆ ಬದಿಗೆ ಬೇಲಿ ಹಾಕುವ ಕ್ರಮ ಬ್ರಿಟನ್ನಿನಲ್ಲಿ ಬಂದಿದೆ. ಈ ಕಟ್ಟೆ ಎಲ್ಲೆಲ್ಲಿ ಇಲ್ಲವೋ ಅಲ್ಲಿ ಸತ್ತವುಗಳಿಂದ ಕಲಿತದ್ದೆಲ್ಲ ಇನ್ನೂ ಬಾಕಿಯೇ ಉಳಿದಿದೆ ಎಂದು ನನ್ನ ಎಣಿಕೆ.

ಸತ್ತ ಪ್ರಾಣಿ ಸುದ್ದಿ ಹೇಳುತ್ತದೆ ಎಂಬುದನ್ನು ಮಲೆನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಆ ಕಾಡಿಗೆ ಸೌದೆಗೂ ಸೊಪ್ಪಿಗೂ ಹೋಗುವ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿರುವುದನ್ನು ಕಂಡು ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಇಲ್ಲಿಗೂ ಕಾಲಿಟ್ಟಿತೇ ಎಂದು ಮೊದಲು ಆತಂಕಪಟ್ಟರು. ಸತ್ತ ಮಂಗದ ದೇಹದಲ್ಲಿ ಸಿಕ್ಕಿದ ವೈರಸ್ ಬೇರೆಯದೇ ಆಗಿತ್ತು: ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ನಂಟು. ಹಾಗಾಗಿ ಸೊಳ್ಳೆಯ ಹಿಂದೆ ಹೋಗಬೇಕಾದವರು ಉಣುಗಿನ ಹಿಂದೆ ಹೋದರು. ಇಂದಿಗೂ ಮಂಗನ ಕಾಯಿಲೆಯ ಸೀಮೆಯಲ್ಲಿ ಮಂಗ ಸತ್ತು ಬಿದ್ದರೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟುತ್ತದೆ, ದೇಹ ಪರೀಕ್ಷೆಗೆ ಹೋಗುತ್ತದೆ, ಸುತ್ತಲಿನ ನೆಲಕ್ಕೆ ಉಣುಗು ಸಾಯುವ ಪುಡಿ ಎರಚುತ್ತಾರೆ, ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ದೇವರ ಮುನಿಸು ಎಂದು ಕೈಕಟ್ಟಿ ಕೂತಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಮಂಗದ ಸಾವನ್ನು ನಾವು ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅದು ನಮ್ಮನ್ನೂ ಕೊಲ್ಲಬಹುದಾಗಿದ್ದರಿಂದ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸ್ವಂತದ ಭಯದಿಂದ ಶುರುವಾದ ಕಾಳಜಿಯೂ ಕಾಳಜಿಯೇ. ಆದರೆ ಅದು ಅಲ್ಲಿಗೇ ನಿಂತುಬಿಟ್ಟರೆ ನಮ್ಮ ಮಾನವೀಯತೆಯ ಅಳತೆ ಚಿಕ್ಕದಾಯಿತು. ಹುಲಿ ಸತ್ತರೆ ಹೇಗೆ ಶವಪರೀಕ್ಷೆ ಆಗಬೇಕು ಎಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ವಿಧಿವತ್ತಾದ ಕ್ರಮವಿದೆ, ಮತ್ತು ಅದು ಇರಬೇಕಾದ್ದೇ. ಮುಂಗುಸಿಗೆ, ಮುಳ್ಳುಹಂದಿಗೆ, ಕೊಳಕುಮಂಡಲಕ್ಕೆ ಹೆಚ್ಚಿನ ಸಲ ದಕ್ಕುವುದು ಇನ್ನಷ್ಟು ಚಕ್ರಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 39ನೇ ಕಲಮಿನ ಪ್ರಕಾರ ಸತ್ತು ಸಿಕ್ಕಿದ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಸಿಕ್ಕಿದವನು 48 ಗಂಟೆಯೊಳಗೆ ತಿಳಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಬೇಟೆಗಾರ ‘ದಾರಿಯಲ್ಲಿ ಸತ್ತದ್ದು’ ಎಂದು ನೆಪ ಹೇಳದಂತೆ ತಡೆಯಲು ಇಂಥ ಕಟ್ಟು ಬೇಕೇ ಬೇಕು. ಆದರೆ ಸ್ವತ್ತು ನನ್ನದು ಎಂದವರ ಮೇಲೆ ಅದರ ಹೊಣೆಯೂ ಬೀಳುತ್ತದೆ. ದೇಹ ಸರ್ಕಾರದ್ದಾದರೆ ಅದು ಏಕೆ ಸತ್ತಿತು, ಸಾಯುವಾಗ ಅದರ ಮೈಯಲ್ಲಿ ಏನಿತ್ತು ಎಂಬ ಪ್ರಶ್ನೆಯೂ ಸರ್ಕಾರದ್ದೇ ಆಗಬೇಕು.

ರಸ್ತೆಯ ಮೇಲಿನ ಸಾವಿಗೆ ಮದ್ದಿದೆ ಎಂಬುದನ್ನು ಕರ್ನಾಟಕ ತಾನೇ ತೋರಿಸಿದೆ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಉಚ್ಚ ನ್ಯಾಯಾಲಯ ಮರುವರ್ಷ ಅದನ್ನು ಎತ್ತಿಹಿಡಿಯಿತು. ವ್ಯಾಪಾರ, ಪ್ರಯಾಣ, ರಾಜಕೀಯದ ಒತ್ತಡಗಳ ನಡುವೆಯೂ ಅದು ಉಳಿದುಬಂದಿರುವುದು ನಮ್ಮ ಸಮಾಜಕ್ಕೆ ಹೆಮ್ಮೆ ತರುವ ಸಂಗತಿ. ಹಗಲಿನಲ್ಲಿ ಮತ್ತು ಉಳಿದ ನೂರಾರು ರಸ್ತೆಗಳಲ್ಲಿ ಸಾಯುವವುಗಳ ಮಾತು ಹಾಗೇ ಉಳಿದಿದೆ.

ನೀರುನಾಯಿ ನಮ್ಮಲ್ಲೂ ಇದೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಬಂಡೆಗಳ ನಡುವೆ ಸಂಸಾರ ಸಮೇತ ಮೀನು ಹಿಡಿಯುವ ಆ ಪ್ರಾಣಿ ಇರುವ ಹೊಳೆಯ ಎರಡೂ ದಡಗಳಾಚೆ ಗಂಗಾವತಿ, ಕಂಪ್ಲಿಯ ಭತ್ತದ ಗದ್ದೆಗಳು ಹಬ್ಬಿವೆ. ಗದ್ದೆಗೆ ಹೊಡೆದ ಔಷಧಿ ಬಸಿಗಾಲುವೆಗೆ, ಬಸಿಗಾಲುವೆಯ ನೀರು ಹೊಳೆಗೆ ಹೋಗುವುದು ಅಲ್ಲಿನ ರೈತರೆಲ್ಲರಿಗೂ ಗೊತ್ತು. ಆ ಹೊಳೆಯ ಮೀನನ್ನು ನೀರುನಾಯಿಯಂತೆ ಬೆಸ್ತರ ಮನೆಯ ಮಕ್ಕಳೂ ತಿನ್ನುತ್ತಾರೆ. ಕಾಲುವೆ ದಾರಿಯಲ್ಲಿ ಟ್ರ್ಯಾಕ್ಟರಿಗೋ ಲಾರಿಗೋ ಸಿಕ್ಕಿ ಸತ್ತ ಒಂದು ನೀರುನಾಯಿಯ ಯಕೃತ್ತು ಆ ಮಕ್ಕಳ ತಟ್ಟೆಯ ಬಗ್ಗೆಯೂ ಸಾಕ್ಷಿ ನುಡಿಯಬಲ್ಲದು.

ಇದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. ದಾರಿಹೋಕರು ದೇಹವನ್ನು ಮುಟ್ಟದೆ ಫೋಟೊ ತೆಗೆದು, ಜಾಗ ಗುರುತಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಹುಚ್ಚುನಾಯಿ ರೋಗ, ನೆರಡಿಯಂಥವು ಸತ್ತ ಮೈಯಿಂದಲೂ ಅಂಟುವುದರಿಂದ ಮುಟ್ಟಬಾರದೆಂಬ ಮಾತು ಗಟ್ಟಿಯಾಗಿ ಹೇಳಬೇಕಾದ್ದು. ವಲಯ ಕಚೇರಿಯಲ್ಲಿ ಒಂದು ಆಳಶೀತದ ಪೆಟ್ಟಿಗೆ, ಕೈಗವಸು, ಒಂದು ಪುಟದ ನಮೂನೆ ಇರಬೇಕು. ವಾರಕ್ಕೊಮ್ಮೆ ಬಂದು ಕೊಯ್ದು ನೋಡಲು ತರಬೇತಾದ ಪಶುವೈದ್ಯರು ಬೇಕು, ಮಾದರಿ ಕಳಿಸಲು ಗೊತ್ತಾದ ಪ್ರಯೋಗಾಲಯ ಬೇಕು. ಎಲ್ಲಕ್ಕಿಂತ ಮೊದಲು, ಇಂದು ಯಾವ ಪ್ರಶ್ನೆಯೂ ಹೊಳೆಯದಿದ್ದರೂ ತುಣುಕುಗಳನ್ನು ದಿನಾಂಕ, ಊರು ಬರೆದು ಕಾಪಿಡುವ ತಾಳ್ಮೆ ಬೇಕು. ಕಾರ್ಡಿಫ್‌ನವರು 2007ರಲ್ಲಿ ಯಕೃತ್ತಿನ ಚೂರನ್ನು ತೆಗೆದಿಟ್ಟಾಗ ಅದನ್ನು ಮುಂದೆ ಯಾರು, ಯಾವುದಕ್ಕಾಗಿ ಬಿಚ್ಚುತ್ತಾರೆಂಬುದು ತಿಳಿಯದೆಯೇ ಚೀಟಿ ಅಂಟಿಸಿ ಇಟ್ಟಿದ್ದರು. ಕಂಪ್ಲಿಯಲ್ಲೋ ಗುಂಡ್ಲುಪೇಟೆಯಲ್ಲೋ ಅಂಥ ಒಂದು ಪೆಟ್ಟಿಗೆಗೆ ಈ ವರ್ಷವೇ ವಿದ್ಯುತ್ ಸಂಪರ್ಕ ಕೊಡಬಹುದು.